ಹೂತಿಟ್ಟ ಹೆಸರು

ಗುರುವಾರ ಬಂತೆಂದರೆ ಟೋರಿಕಾ ಅಕ್ಕ ಲೌಟೋಕಾ ಮಾರುಕಟ್ಟೆಗೆ ಬರುತ್ತಿದ್ದಳು. ನನ್ನ ಹತ್ತಿರ ಒಂದು ಗುಡ್ಡೆ ಕಡಲದ್ರಾಕ್ಷಿ, ಅದೇ ಗೊಂಚಲುಗೊಂಚಲಾದ ಹಸಿರು ಸಮುದ್ರಪಾಚಿ, ಕೊಳ್ಳುವಳು, ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂರುವಳು, ಹೇಗಿದ್ದೀಯ ಎನ್ನುವಳು. ಚೆನ್ನಾಗಿದ್ದೀನಿ ಎನ್ನುವೆ. ಆಮೇಲೆ ಇಬ್ಬರೂ ಹೆಚ್ಚು ಮಾತಿಲ್ಲದೆ ಕೂತಿರುತ್ತಿದ್ದೆವು. ಆರು ವರ್ಷದಿಂದ ಇದೇ ನಡೆದಿತ್ತು. ಅಷ್ಟೂ ಕಾಲ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ: ಇವಳಿಗೆ ನನ್ನಿಂದ ಏನು ಬೇಕು?

ಪಕ್ಕದಲ್ಲಿ ಮೆಣಸಿನಕಾಯಿ, ಬೆಂಡೆಕಾಯಿ ಮಾರುವ ಫೂಲ್ಮತಿಗೆ ನನ್ನ ಈ ಕೊರೆತ ಕೇಳಿ ಕೇಳಿ ಸಾಕಾಗಿತ್ತು. ಅವಳು ನನಗಿಂತ ಎಷ್ಟೋ ದೊಡ್ಡವಳು. ನಾಲಗೆ ಅವಳ ಮೆಣಸಿನಕಾಯಿಗಿಂತ ಖಾರ.

"ಮೋಸಹೋಗಿ ಮಾರಿಹೋದ ಹೆಂಗಸರು ವಾಪಸ್ ಬಂದ್ಮೇಲೆ ನೋಡ್ಕೊಳ್ಳೋದೇ ಅವಳ ಕೆಲಸ ಕಣೇ. ಆಸ್ಪತ್ರೆ ನರ್ಸಮ್ಮ ಸೂಜಿ ಚುಚ್ಚೋಕೆ ಬಂದ್ರೆ ಯಾಕ್ ಬಂದೆ ಅಂತ ಕೇಳ್ತೀಯೇನು?"

"ನರ್ಸಮ್ಮ ಚುಚ್ಚಿ ಹೋಗ್ತಾಳೆ. ಇವಳು ಕೂತ್ಕೋತಾಳೆ."

"ಕೂತ್ರೆ ನಿನ್ನ ಗಂಟೇನು ಹೋಯ್ತು? ಪೆಟ್ಟಿಗೆ ನಂದು!"

ನನ್ನ ಅನುಮಾನಕ್ಕೆ ಕಾರಣವಿತ್ತು. ಒಳ್ಳೆಯ ಮಾತಾಡುತ್ತ ಹತ್ತಿರ ಬಂದು ಕೂತವಳೇ ನನ್ನನ್ನು ಮಾರಿದ್ದಳು. ಉನಾಯ್ಸಿ ಚಿಕ್ಕಮ್ಮ. ಅಮ್ಮನಿಗೆ ದೊಡ್ಡಮ್ಮನ ಮಗಳು. ನಮ್ಮ ಯಾಸಾವಾ ದ್ವೀಪಕ್ಕೆ ದೋಣಿಯಲ್ಲಿ ಬರುವಾಗ ಕೇಕು ತರುತ್ತಿದ್ದಳು. ಅಮ್ಮನ ಚಾಪೆಯ ನೇಯ್ಗೆಯನ್ನು ಹೊಗಳುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ನನ್ನ ತಲೆ ಬಾಚುತ್ತ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಸಿಡ್ನಿಯಲ್ಲಿ ನಮ್ಮವರದ್ದೇ ಮನೆ ಮಗಳೇ. ಮಕ್ಕಳನ್ನ ನೋಡ್ಕೊಂಡ್ರೆ ಸಾಕು, ಓದೋಕೂ ಕಳಿಸ್ತಾರೆ. ನಿಂದೇ ಒಂದು ಕೋಣೆ, ತೋಟದ ಕಡೆ ಕಿಟಕಿ."

ಆ ಮನೆಯಲ್ಲಿ ನಾನು ಮಲಗುತ್ತಿದ್ದದ್ದು ಕಾರು ನಿಲ್ಲಿಸುವ ಕೋಣೆಯಲ್ಲಿ. ಅಲ್ಲಿ ಕಿಟಕಿಯೇ ಇರಲಿಲ್ಲ. ಪಾಸ್‌ಪೋರ್ಟು ಯಜಮಾನಿಯ ಬೀರುವಿಗೆ ಹೋಯಿತು. ಐದು ವರ್ಷ ಅವರ ಎಂಜಲು ತಟ್ಟೆ, ಅವರ ಬಟ್ಟೆ, ಅವರ ಮಕ್ಕಳು, ಅವರ ಏಟು. ಕೇಳದೆ ಫ್ರಿಜ್ಜಿನ ಬಾಗಿಲು ತೆರೆದಿದ್ದಕ್ಕೆ ಒಮ್ಮೆ ಹಲ್ಲು ಮುರಿಯಿತು. ಚಳಿಗಾಲದಲ್ಲಿ ನಾನು ಬರಿಗಾಲಲ್ಲಿ ಬಟ್ಟೆ ಒಣಹಾಕುವುದನ್ನು ಬೇಲಿಯಾಚೆಯ ಮುದುಕಿಯೊಬ್ಬಳು ನೋಡಿ ನೋಡಿ, ಕೊನೆಗೆ ಪೊಲೀಸರನ್ನು ಕರೆದಳು. ಅವಳ ಹೆಸರು ಕೂಡ ನನಗೆ ಗೊತ್ತಾಗಲಿಲ್ಲ.

ಆ ಗಂಡಹೆಂಡತಿಗೆ ಅಲ್ಲಿ ಶಿಕ್ಷೆಯಾಯಿತು. ನಿನ್ನನ್ನು ಕಳಿಸಿದ್ದು ಯಾರು ಎಂದು ಪೊಲೀಸರು ಕೇಳಿದಾಗ, ಊರಲ್ಲಿದ್ದ ಅಮ್ಮನಿಗೆ ಏನಾಗುತ್ತದೋ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಊರಿಗೆ ಹೋದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಆದರೆ ನಾನು ಮುಟ್ಟುವ ಮೊದಲೇ ಉನಾಯ್ಸಿಯ ಅಣ್ಣತಮ್ಮಂದಿರು ಕ್ಷಮೆ ಕೇಳುವಾಗ ಕೊಡುವ ತಿಮಿಂಗಿಲದ ಹಲ್ಲು ಹಿಡಿದು ನಮ್ಮ ದೊಡ್ಡಪ್ಪನ ಮನೆ ಬಾಗಿಲಲ್ಲಿ ಮಂಡಿಯೂರಿದ್ದರು. ದೊಡ್ಡಪ್ಪ ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಲ್ಲರೂ ಯಂಗೋನ ಬೇರಿನ ಪಾನಕ ಕುಡಿದರು. ಮಾತನ್ನು ಹೂತಾಯಿತು ಎಂದರು. ನಮ್ಮಲ್ಲಿ ಹಾಗೆ ಹೂತದ್ದನ್ನು ಮತ್ತೆ ಯಾರೂ ಎತ್ತುವಂತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮ ತಲೆ ಬಗ್ಗಿಸಿ, "ದೊಡ್ಡೋರು ಮುಗಿಸಿದ್ದಾರೆ ಮಗಳೇ, ನೀನೂ ಬಿಟ್ಬಿಡು" ಎಂದಳು.

ಊರಲ್ಲಿ ಇರಲಾಗಲಿಲ್ಲ. ಲೌಟೋಕಾದಲ್ಲಿ ಸಕ್ಕರೆ ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ಒಂದು ಕೋಣೆ ಹಿಡಿದೆ. ದೊಡ್ಡಪ್ಪ ದೋಣಿಯಲ್ಲಿ ಕಡಲದ್ರಾಕ್ಷಿ ಕಳಿಸುತ್ತಿದ್ದ, ನಾನು ಮಾರುತ್ತಿದ್ದೆ. ಟೋರಿಕಾ ಅಕ್ಕ ಗಂಟುಬಿದ್ದದ್ದು ಆಗಲೇ. ಅವಳ ಸಂಸ್ಥೆಯವರು ಮೊದಲು ಒಂದು ಹೊಲಿಗೆ ಯಂತ್ರ ಕಳಿಸಿದ್ದರು. "ಹೊಲಿಗೆ ಮಿಷನ್ ಕೊಟ್ರೆ ಹೆಂಗಸಿನ ಗಾಯಾನೂ ಹೊಲಿದೋಗುತ್ತೆ ಅನ್ಕೊಂಡಿದ್ದೀರಾ?" ಎಂದು ವಾಪಸ್ ಕಳಿಸಿದ್ದೆ. ಮರುವಾರ ಟೋರಿಕಾ ಅಕ್ಕ ಕೇಕಿನ ತುಂಡು ತಂದಳು. ಅವಳ ಕಣ್ಣೆದುರೇ ಚರಂಡಿಗೆ ಎಸೆದೆ. ಅವಳು ಚರಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು, "ಸರಿ, ಇನ್ಮೇಲೆ ಏನೂ ತರಲ್ಲ" ಎಂದಳು. ಮತ್ತೆ ಏನೂ ತರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಬಂದಳು. ಬ್ಯಾಂಕಿನಲ್ಲಿ ನಾನು ಸಹಿ ಮಾಡಲು ತಡವರಿಸಿದಾಗ ಬೇರೆ ಕಡೆ ನೋಡಿದಳು. ಊಟ ಮಾಡುವಾಗ ನಾನು ನಿಂತೇ ತಿನ್ನುವುದನ್ನು ಕಂಡು ತಾನೂ ತಟ್ಟೆ ಹಿಡಿದು ಎದ್ದು ನಿಂತಳು. ಇಷ್ಟೆಲ್ಲ ಮಾಡಿದ್ದಕ್ಕೇ ನನಗೆ ಹೆಚ್ಚು ಅನುಮಾನ. ಬಲೆ ಎಷ್ಟು ನಯವಾಗಿದ್ದರೆ ಅಷ್ಟು ದೊಡ್ಡ ಮೀನಿಗೆ ಹಾಕಿದ್ದು ಅಂತ ಲೆಕ್ಕ.

ಕಳೆದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಒಂದು ಗುರುವಾರ ಅವಳು ಬರಲಿಲ್ಲ. ಮರುವಾರ ಬಂದು, ಹಲ್ಲು ನೋವಿತ್ತು ಎಂದಳು. ಅವಳು ಹೋದ ಮೇಲೆ ಫೂಲ್ಮತಿ ಬೆಂಡೆಕಾಯಿಗೆ ನೀರು ಚಿಮುಕಿಸುತ್ತ ಹೇಳಿದಳು:

"ಹಲ್ಲು ನೋವಿರೋರು ಎರಡು ಬುಟ್ಟಿ ಹೊತ್ಕೊಂಡು ತವುವಾ ಬಸ್ಸು ಹತ್ತುತಾರೇನೇ?"

"ನೀನು ನೋಡಿದ್ಯಾ?"

"ನಮ್ಮ ಸೊಸೆ ನೋಡಿದ್ಲು. ಬುಟ್ಟೀಲಿ ಗೆಣಸು, ಬ್ರೆಡ್ಡು, ಸೋಪು. ನಿಂಗೆ ಒಂದು ಬಿಸ್ಕತ್ತೂ ತರದೋಳು ಯಾರಿಗೋ ಬುಟ್ಟಿಗಟ್ಟಲೆ ಹೊತ್ಕೊಂಡು ಹೋಗ್ತಾಳೆ ನೋಡು!"

ಆರು ವರ್ಷದಲ್ಲಿ ಅವಳು ನನಗೆ ಹೇಳಿದ ಮೊದಲ ಸುಳ್ಳು ಅದು. ಅಥವಾ ನನಗೆ ಸಿಕ್ಕಿದ ಮೊದಲ ಸುಳ್ಳು. ಅದಾದ ಮೇಲೆ ಅವಳ ಒಂದೊಂದು ಚಲನೆಯೂ ಬೇರೆಯಾಗಿ ಕಾಣತೊಡಗಿತು. ಫೋನು ಬಂದರೆ ಎದ್ದು ಮೀನಿನ ಸಾಲಿನ ಕಡೆ ಹೋಗಿ ಮಾತಾಡುತ್ತಿದ್ದಳು. ಮುಂದಿನ ಗುರುವಾರ ಕಡಲದ್ರಾಕ್ಷಿಯ ಗುಡ್ಡೆಯನ್ನು ಬೆರಳಲ್ಲಿ ಕೆದಕುತ್ತ ಕೇಳಿದಳು:

"ಮಕೆಲೇಸಿ, ನಿನ್ನನ್ನ ಕಳಿಸಿದೋಳ ಹೆಸರು ನೀನು ಯಾವತ್ತೂ ಹೇಳ್ಲಿಲ್ಲ ಅಲ್ವಾ?"

"ಇಲ್ಲ. ಯಾಕೆ?"

"ಸುಮ್ನೆ. ಅವಳು ನಿಮ್ಮ ಕಡೆಯ ಸಂಬಂಧಾನಾ?"

"ಆರು ವರ್ಷ ಕೇಳದ್ದು ಇವತ್ತು ಯಾಕೆ?"

ಅವಳು ಬೇಗ ಎದ್ದು ಹೋದಳು. ಹೆಸರು ಹೇಳಿದರೆ ಯಾರಿಗೆ ಹೋಗಿ ಮುಟ್ಟಿಸುತ್ತಾಳೆ? ದೊಡ್ಡಪ್ಪ ಕಳಿಸಿದ್ದಾನೋ, ಹೂತ ಮಾತು ಹೂತೇ ಇದೆಯಾ ನೋಡಿಕೊಂಡು ಬಾ ಎಂದು?

ಅದರ ಮುಂದಿನ ವಾರ ಅವಳು ನನ್ನ ಹತ್ತಿರ ಕೂತೆದ್ದು, ಎರಡು ಬುಟ್ಟಿ ಸಾಮಾನು ಕೊಂಡು ಬಸ್ ನಿಲ್ದಾಣದ ಕಡೆ ತಿರುಗಿದಾಗ ನಾನು ಅಂಗಡಿಯನ್ನು ಫೂಲ್ಮತಿಗೆ ಒಪ್ಪಿಸಿ ಹಿಂದೆ ಬಿದ್ದೆ. ತವುವಾ ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ, ಒಬ್ಬ ದಪ್ಪ ಮುದುಕನ ಮರೆಯಲ್ಲಿ. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ತಗಡಿನ ಮನೆಗಳ ಕೇರಿಯೊಂದರ ಹತ್ತಿರ ಇಳಿದಳು. ಬುಟ್ಟಿಗಳನ್ನು ಹೊತ್ತು ನಿಧಾನವಾಗಿ ನಡೆದು ಕೊನೆಯ ಮನೆಗೆ ಹೋದಳು. ನಾನು ಹಲಸಿನ ಜಾತಿಯ, ದೊಡ್ಡ ಎಲೆಯ ಬ್ರೆಡ್‌ಫ್ರೂಟ್ ಮರದ ಹಿಂದೆ ನಿಂತೆ.

ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಟೋರಿಕಾ ಅಕ್ಕ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಉಳಿದ ಕಾಲಿನ ಬೆರಳುಗಳನ್ನು ಸೋಪುನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿದಳು. ಆ ಹೆಂಗಸು ಏನೋ ಹೇಳಿದಳು, ಇಬ್ಬರೂ ನಕ್ಕರು. ನಗೆಯ ಕೊನೆಯಲ್ಲಿ ಗೊರಕೆಯಂತೆ ಎಳೆಯುವ ಆ ಸದ್ದು! ನನ್ನ ತಲೆ ಬಾಚುತ್ತ ನಕ್ಕ ನಗೆ. ಉನಾಯ್ಸಿ.

ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತೆ. ನನಗೆ ಆಶ್ಚರ್ಯವಾಗಲಿಲ್ಲ. ನೋಡು, ನಾನು ಅಂದುಕೊಂಡದ್ದೇ ಸರಿ ಎಂಬ ಒಂದು ಕೆಟ್ಟ ಸಮಾಧಾನ ಆಯಿತು. ಇಬ್ಬರೂ ಒಂದೇ ಬಳಗ.

ಗುರುವಾರ ಅವಳು ಬಂದಾಗ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದೆ.

"ಕೂರ್ಬೇಡಿ. ಅವಳ ಕಾಲು ತೊಳೆದ ಕೈಯಲ್ಲಿ ನನ್ನ ಸಾಮಾನು ಮುಟ್ಬೇಡಿ."

ಟೋರಿಕಾ ಅಕ್ಕನ ಮುಖ ಬಿಳಿಚಿತು. "ಹಾಗಾದ್ರೆ ಅವಳೇ," ಎಂದಳು ಮೆಲ್ಲಗೆ.

"ನಾಟಕ ಬೇಡ. ಎಷ್ಟು ದಿನದಿಂದ ಹೋಗ್ತಿದ್ದೀರಿ?"

"ಎಂಟು ತಿಂಗಳಾಯ್ತು. ನಮ್ಮ ಆಫೀಸಿನವರೇ ಕಳಿಸಿದ್ದು. ಅವಳು ಯಾರು ಅಂತ ನಂಗೆ ಗೊತ್ತಿರ್ಲಿಲ್ಲ ಮಕೆಲೇಸಿ. ಈಚೆಗೆ ಅನುಮಾನ ಬಂತು. ಅದಕ್ಕೇ ಹೆಸರು ಕೇಳ್ದೆ."

"ನಿಮ್ಮ ಆಫೀಸು ನೋಡ್ಕೊಳ್ಳೋದು ಮಾರಿಹೋದೋರನ್ನ. ಮಾರಿದೋರನ್ನೂ ನೋಡ್ಕೊಳ್ತೀರಾ?"

ಅವಳು ಸುಮ್ಮನಿದ್ದಳು. ಆ ಮೌನ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಓ! ಅವಳೂ ಮಾರಿಹೋದೋಳಾ?"

"ಅವಳ ಮಾತು ಅವಳದ್ದು. ನಿನ್ನ ಮಾತು ನಿಂದು. ಯಾವುದನ್ನೂ ನಾನು ಆಚೆ ಬಿಡೋ ಹಾಗಿಲ್ಲ."

"ನನ್ನ ಮಾತು ಅವಳ ಕಿವಿಗೆ ಬಿದ್ದಿಲ್ಲ ಅಂತ ಯಾವ ನಂಬಿಕೆ? ಹಲ್ಲು ನೋವು ಅಂದ್ರಲ್ಲ!"

"ಅದು ಸುಳ್ಳೇ. ಅವತ್ತು ಅವಳ ಕಾಲಿನ ಗಾಯ ಕೀವಾಗಿತ್ತು, ಆಸ್ಪತ್ರೆಗೆ ಕರ್ಕೊಂಡು ಹೋದೆ. ಇನ್ನೊಬ್ಬಳಿಗೋಸ್ಕರ ನಿನ್ನ ದಿನ ತಪ್ಪಿಸಿದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು." ಅವಳು ಪೆಟ್ಟಿಗೆಯನ್ನು ಎತ್ತಿ ಫೂಲ್ಮತಿಯ ಕಡೆ ಇಟ್ಟಳು. "ನಂಬು ಅಂತ ನಾನು ಕೇಳಲ್ಲ. ನಂಬ್ಬೇಡ."

ಅವಳು ಹೋದ ಮೇಲೆ ಫೂಲ್ಮತಿ ತಕ್ಕಡಿ ಕೆಳಗಿಟ್ಟು, "ಕಳ್ಳಿ ಆಗಿದ್ರೆ ನಂಬು ಅಂತ ಆಣೆ ಇಡ್ತಿದ್ಲು ಕಣೇ," ಎಂದಳು.

"ಪಳಗಿದ ಕಳ್ಳಿ ಇಡಲ್ಲ," ಎಂದೆ.

ಟೋರಿಕಾ ಅಕ್ಕ ನನ್ನ ಬಗ್ಗೆ ಏನೇನು ಹೇಳಿದ್ದಾಳೆಂದು ತಿಳಿಯಬೇಕಾದರೆ ಕೇಳಬೇಕಾದದ್ದು ಉನಾಯ್ಸಿಯನ್ನೇ. ಎರಡು ದಿನ ಧೈರ್ಯ ಕೂಡಿಸಿಕೊಂಡು ಶನಿವಾರ ಮಧ್ಯಾಹ್ನ ಆ ಜಗಲಿಯ ಮುಂದೆ ಹೋಗಿ ನಿಂತೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಯಾರು?"

"ಮಕೆಲೇಸಿ."

"ಅಯ್ಯೋ ನನ್ನ ಕಂದ! ಬಾ, ಬಾ, ಚಾಪೆ ಮೇಲೆ ಕೂತ್ಕೋ. ಮದುವೆ ಆಗಿ ಸುವಾಕ್ಕೆ ಹೋದೆ ಅಂತ ಯಾರೋ ಹೇಳಿದ್ರಪ್ಪ. ಮಕ್ಕಳೆಷ್ಟು?"

"ಇಬ್ರು," ಎಂದು ಸುಳ್ಳು ಹೇಳಿ ಅವಳ ಮುಖವನ್ನೇ ನೋಡಿದೆ. "ದೇವರು ದೊಡ್ಡೋನು" ಎಂದು ಎದೆ ಮುಟ್ಟಿಕೊಂಡಳು. ಅವಳ ಮುಖದಲ್ಲಿ ಸುಳ್ಳು ಸಿಕ್ಕಿದ ಯಾವ ಸುಳಿವೂ ಇರಲಿಲ್ಲ. ನಾನು ಒಂಟಿ ಎಂಬುದು, ಹತ್ತಿರದಲ್ಲೇ ಇದ್ದೇನೆ ಎಂಬುದು ಇವಳಿಗೆ ತಿಳಿದಿಲ್ಲ. ಸಮಾಧಾನವಾಗಬೇಕಿತ್ತು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ ಎಂಬ ಯೋಚನೆ ಬಂದು ಅದೂ ಆಗಲಿಲ್ಲ.

"ಕೋಪ ಇಟ್ಕೊಂಡು ಬಂದಿದ್ಯಾ?" ಎಂದಳು. "ದೊಡ್ಡೋರು ಹೂತಾಯ್ತಲ್ಲ ಅದನ್ನ. ಹೂತಿದ್ದನ್ನ ಅಗೆದ್ರೆ ನಾರೋದು ಅಗೆದೋರ ಕೈಯೇ."

"ಅಗೆಯೋಕೆ ಬಂದಿಲ್ಲ. ಯಾಕೆ ಕಳಿಸ್ದೆ ಅಂತ ಕೇಳೋಕೆ ಬಂದೆ."

ಅವಳು ಸ್ವಲ್ಪ ಹೊತ್ತು ಕತ್ತರಿಸಿದ ಕಾಲಿನ ತುದಿಯನ್ನು ಉಜ್ಜಿಕೊಂಡಳು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಕ್ಕರೆ ಇರಲಿಲ್ಲ.

"ನನ್ನನ್ನ ಕಳಿಸಿದ್ದು ನಮ್ಮ ಸೋದರತ್ತೆ. ಹತ್ತೊಂಬತ್ತು ವರ್ಷ ನಂಗೆ. ಅದೇ ಜನ, ಮನೆ ಬೇರೆ. ನಂಗೋಸ್ಕರ ಯಾರು ತಿಮಿಂಗಿಲದ ಹಲ್ಲು ತಂದ್ರು? ಯಾರೂ ತರ್ಲಿಲ್ಲ. ಊರಿಗೆ ಹೋಗಿ ನಿನ್ನ ಜಾಗಕ್ಕೆ ಇನ್ನೊಬ್ಬಳನ್ನ ಹುಡುಕಿ ಕೊಡು, ಬಿಡ್ತೀವಿ ಅಂದ್ರು. ಯೋಚನೆ ಮಾಡ್ದೆ. ನೀನು ಗಟ್ಟಿ ಹುಡುಗಿ, ತಡ್ಕೋತೀಯ ಅನ್ಕೊಂಡೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾಟಕ ಎನ್ನುತ್ತಿದ್ದೆ. ಅಂಗಳದಲ್ಲಿ ಕೋಳಿಯೊಂದು ಮಣ್ಣು ಕೆದರುತ್ತಿತ್ತು. ಇವಳೂ ಕಾರಿನ ಕೋಣೆಯಲ್ಲಿ ಮಲಗಿದ್ದವಳು ಎಂದು ಒಂದು ಗಳಿಗೆ ನನ್ನ ಕೈ ಚಾಪೆಯ ಮೇಲೆ ಅವಳ ಕಡೆ ಸರಿದದ್ದು ನಿಜ.

ಆಗ ಅವಳ ಫೋನು ಹೊಡೆದುಕೊಂಡಿತು.

"ಹೂಂ ಮಗಳೇ," ಎಂದಳು. ಸಕ್ಕರೆ ವಾಪಸ್ ಬಂದಿತ್ತು. "ಹೆದರ್ಬೇಡ. ನಿಮ್ಮಮ್ಮನ ಹತ್ರ ನಾನು ಮಾತಾಡ್ತೀನಿ. ಮಕ್ಕಳನ್ನ ನೋಡ್ಕೊಂಡ್ರೆ ಸಾಕು, ಓದೋಕೂ ಕಳಿಸ್ತಾರೆ. ನಿಂದೇ ಒಂದು ಕೋಣೆ, ತೋಟದ ಕಡೆ ಕಿಟಕಿ."

ಫೋನು ಕೆಳಗಿಟ್ಟು ನನ್ನನ್ನು ನೋಡಿ ನಕ್ಕಳು. "ಚರ್ಚಿನ ಹುಡುಗಿ. ಆಕ್ಲೆಂಡಿಗೆ ಹೋಗ್ತಾಳಂತೆ. ಸುಮ್ನೆ ಧೈರ್ಯ ಹೇಳ್ದೆ."

"ಒಳ್ಳೇದು," ಎಂದೆ. ಎದ್ದು, ಬಟ್ಟೆಗೆ ಅಂಟಿದ ಧೂಳಿನಂತೆ ಅವಳ ಮಾತನ್ನೆಲ್ಲ ಕೊಡವಿಕೊಳ್ಳುತ್ತ, ಓಡದೆ, ನಡೆದೇ ರಸ್ತೆಗೆ ಬಂದೆ.

ಬಸ್ಸಿಳಿದು ನೇರ ಮಾರುಕಟ್ಟೆಗೆ ಹೋದೆ.

"ಫೂಲ್ಮತಿ, ಠಾಣೆಗೆ ಹೋಗ್ಬೇಕು. ಜೊತೇಲಿ ಬಾ."

"ಶನಿವಾರದ ವ್ಯಾಪಾರ ಬಿಟ್ಟಾ? ಟೋರಿಕಾನ ಕರಿಯೇ, ಅದೇ ಅವಳ ಕೆಲಸ."

"ಅವಳು ಬೇಡ. ನೀನು ಬೇಕು."

"ಬೆಂಡೆಕಾಯಿ ಬಾಡುತ್ತೆ."

"ಬಾಡ್ಲಿ!"

ಅವಳು ನನ್ನ ಮುಖ ನೋಡಿದಳು. ಒದ್ದೆ ಗೋಣಿಯನ್ನು ಬೆಂಡೆಕಾಯಿಯ ಮೇಲೆ ಎಳೆದು, ದುಪಟ್ಟಾ ಸೊಂಟಕ್ಕೆ ಬಿಗಿದು, "ನಡಿ" ಎಂದಳು.

ಠಾಣೆಯಲ್ಲಿ ಒಬ್ಬ ಹೆಣ್ಣು ಪೊಲೀಸ್ ಕೂತಿದ್ದಳು. ಅವಳ ಮುಖಚಹರೆ ನಮ್ಮ ದ್ವೀಪದವರ ಹಾಗೆ ಕಂಡು ನನಗೆ ತಿರುಗಿ ಓಡುವಂತಾಯಿತು, ಉನಾಯ್ಸಿಯ ನೆಂಟಳಾಗಿದ್ದರೆ? ಯಾವ ಊರು ಎಂದು ಮೊದಲು ನಾನೇ ಕೇಳಿದೆ. ಕಡವು ದ್ವೀಪ ಎಂದಳು. ನಿಜವೋ ಸುಳ್ಳೋ. ಫೂಲ್ಮತಿ ಬೆನ್ನಿಗೆ ಮೊಣಕೈಯಿಂದ ತಿವಿದಳು. ನಾನು ಹೆಸರು ಹೇಳಿದೆ. ಊರು ಹೇಳಿದೆ, ಮನೆ ಹೇಳಿದೆ, ಕಿಟಕಿಯ ಮಾತು ಹೇಳಿದೆ. ಹೆಸರು ಬಾಯಿಂದ ಹೊರಬಿದ್ದಾಗ ಗುಡುಗೇನೂ ಹೊಡೆಯಲಿಲ್ಲ. ಆ ಪೊಲೀಸಮ್ಮ ಇನ್ನೊಮ್ಮೆ ಹೇಳಿ ಎಂದಳು, ಅಷ್ಟೆ.

ಹುಡುಗಿ ಸಿಕ್ಕಿದಳು. ಅವಳ ಬಟ್ಟೆ ಆಗಲೇ ಕಟ್ಟಿಯಾಗಿತ್ತಂತೆ. ಹೋಗುವುದು ತಪ್ಪಿತೆಂದು ಅವಳೇನೂ ನನಗೆ ಕೈ ಮುಗಿಯಲಿಲ್ಲ. ಒಂದು ದಿನ ಮಾರುಕಟ್ಟೆಗೆ ಬಂದು, ಎಲ್ಲರೆದುರು, "ನನ್ನ ಅದೃಷ್ಟಕ್ಕೆ ಕಲ್ಲು ಹಾಕಿದೋಳು ನೀನೇನಾ?" ಎಂದು ಕೂಗಾಡಿ ಹೋದಳು. ಅವಳ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ತಡೆದಿದ್ದರೆ ನಾನೂ ಹಾಗೇ ಕೂಗುತ್ತಿದ್ದೆ. ಉನಾಯ್ಸಿಯ ಮೇಲೆ ಕೇಸಾಯಿತು. ಕಾಲಿಲ್ಲದವಳೆಂದು ಜಾಮೀನು ಕೊಟ್ಟಿದ್ದಾರೆ. ವಿಚಾರಣೆ ಇನ್ನೂ ನಡೆಯುತ್ತಿದೆ.

ಟೋರಿಕಾ ಅಕ್ಕ ಎರಡು ಗುರುವಾರ ದೂರದಿಂದ, ಮೀನಿನ ಸಾಲಿನಿಂದಲೇ, ನನ್ನ ಅಂಗಡಿ ನೋಡಿ ಹೋದಳು. ಮೂರನೆಯದಕ್ಕೆ ನಾನೇ ಕೈ ಮಾಡಿ ಕರೆದೆ.

"ಅವಳ ಮನೆಗೆ ಈಗಲೂ ಹೋಗ್ತೀರಾ?"

"ನಾನು ಹೋಗಲ್ಲ. ಬೇರೆಯವರು ಹೋಗ್ತಾರೆ. ಗಾಯ ಇರೋ ಕಾಲನ್ನ ಯಾರಾದ್ರೂ ತೊಳೀಬೇಕಲ್ಲ."

"ಆ ಫೋನಿನ ವಿಷಯ ನಿಮಗೆ ಗೊತ್ತಿತ್ತಾ?"

"ಒಂದು ಸಲ ಅರ್ಧ ಕಿವಿಗೆ ಬಿತ್ತು. ಆಫೀಸಲ್ಲಿ ಹೇಳ್ದೆ, ಅವರು ಠಾಣೆಗೂ ಹೇಳಿದ್ರು. ಹೆಣ್ಣುಮಕ್ಕಳ ಜೀವದ ಪ್ರಶ್ನೆ ಬಂದ್ರೆ ಗುಟ್ಟು ಇಟ್ಕೊಳ್ಳೋ ಹಾಗಿಲ್ಲ. ಆದ್ರೆ ಅರ್ಧ ಮಾತು ಹಿಡ್ಕೊಂಡು ಯಾರೂ ಏನೂ ಮಾಡೋಕಾಗ್ಲಿಲ್ಲ. ಮೊದಲೊಬ್ಬರು ಬಾಯಿ ಬಿಟ್ಟು ಹೆಸರು ಹೇಳ್ಬೇಕಿತ್ತು."

ನನಗೆ ತಟ್ಟನೆ ಬಸ್ಸು ನೆನಪಾಯಿತು. ಒಮ್ಮೆಯೂ ತಿರುಗದ ಆ ಕತ್ತು, ಅಷ್ಟು ನಿಧಾನದ ಆ ನಡಿಗೆ.

"ಅಕ್ಕ, ನಿಜ ಹೇಳಿ. ಅವತ್ತು ನಾನು ಹಿಂದೆ ಬರ್ತಿದ್ದೀನಿ ಅಂತ ಗೊತ್ತಿದ್ದೇ ಕರ್ಕೊಂಡು ಹೋದ್ರಾ?"

"ಇಲ್ಲ," ಎಂದಳು.

ಅವಳ ಕಣ್ಣನ್ನೇ ನೋಡಿದೆ. ಅವಳೂ ನೋಡಿದಳು. ಇಲ್ಲ ಎಂದದ್ದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೂ ಅವಳ ಜೊತೆ ಕೂತಿರಲು ಬರುತ್ತದೆ ಎಂಬುದಷ್ಟೇ ನಾನು ಹೊಸದಾಗಿ ಕಲಿತದ್ದು.

ಊರಲ್ಲಿ ಹೂತದ್ದನ್ನು ಅಗೆದವಳೆಂದು ನನ್ನ ಹೆಸರು ಕೆಟ್ಟಿತು. ದೊಡ್ಡಪ್ಪ ಕಡಲದ್ರಾಕ್ಷಿ ಕಳಿಸುವುದನ್ನು ನಿಲ್ಲಿಸಿದ. ಕೆಲವು ವಾರ ಫೂಲ್ಮತಿಯ ಮೆಣಸಿನಕಾಯಿಯನ್ನೇ ಹಂಚಿಕೊಂಡು ಮಾರಿದೆ. "ನಿನ್ನ ಮುಖಕ್ಕೆ ಇದೇ ಸರಿ" ಎಂದು ಅವಳು ನಕ್ಕಳು.

ಒಂದು ಬೆಳಿಗ್ಗೆ ಅಮ್ಮ ಬಂದು ನಿಂತಳು. ಬೆನ್ನ ಮೇಲೆ ಒದ್ದೆ ಚೀಲ, ಬಿರುಕುಬಿಟ್ಟ ಪಾದ, ದೋಣಿಯ ಉಪ್ಪುನೀರಿಗೆ ಕೆಂಪಾದ ಕಣ್ಣು. ಆರು ವರ್ಷದಲ್ಲಿ ಅವಳು ಲೌಟೋಕಾಕ್ಕೆ ಬಂದದ್ದೇ ಇಲ್ಲ.

"ಯಾರು ಕಳಿಸಿದ್ರು?" ಎಂದೆ.

"ಯಾರೂ ಇಲ್ಲ."

"ಕೇಸು ವಾಪಸ್ ತಗೊ ಅಂತ ಹೇಳೋಕೆ ದೊಡ್ಡಪ್ಪ ಕಳಿಸಿದ್ದಲ್ವಾ?"

ಅಮ್ಮ ಚೀಲ ಇಳಿಸಿದಳು. ಅವಳನ್ನು ಫೂಲ್ಮತಿಯ ಹತ್ತಿರ ಕೂರಿಸಿ, ನಾನು ಹಡಗುಕಟ್ಟೆಗೆ ಹೋಗಿ ದೋಣಿಯವನನ್ನೇ ವಿಚಾರಿಸಿದೆ. ಅವನು ಹಗ್ಗ ಸುತ್ತುತ್ತ ನಕ್ಕ.

"ಕಳಿಸೋದಾ? ನಿಮ್ಮ ದೊಡ್ಡಪ್ಪ ದೋಣಿ ಹಿಡ್ಕೊಂಡು ಹೋಗ್ಬೇಡ ಅಂದ್ರು. ನಿಮ್ಮಮ್ಮ ಇಡೀ ದಡ ಕೇಳೋ ಹಾಗೆ ಏನಂದ್ರು ಗೊತ್ತಾ? ಹಲ್ಲು ತಗೊಂಡಿದ್ದು ನೀವು, ಹಲ್ಲು ಮುರಿಸ್ಕೊಂಡಿದ್ದು ನನ್ನ ಮಗಳು, ಕೈ ಬಿಡಿ ಅಂದ್ರು. ನಮ್ಮೂರಲ್ಲಿ ಹೆಂಗಸು ಹಾಗೆ ಮಾತಾಡಿದ್ದು ನಾನಂತೂ ಕೇಳಿರ್ಲಿಲ್ಲ."

ವಾಪಸ್ ಬಂದಾಗ ಅಮ್ಮ ತಾನು ಚೀಲದಲ್ಲಿ ಹೊತ್ತು ತಂದ ಕಡಲದ್ರಾಕ್ಷಿಯನ್ನು ಬಾಳೆಲೆಯ ಮೇಲೆ ಗುಡ್ಡೆ ಮಾಡುತ್ತಿದ್ದಳು. ನಾನು ಎಲ್ಲಿಗೆ ಹೋಗಿದ್ದೆನೆಂದು ಅವಳಿಗೆ ಗೊತ್ತಿತ್ತು.

"ವಿಚಾರಿಸ್ಕೊಂಡ್ಯಾ?"

"ಹೂಂ."

"ಒಳ್ಳೇದು ಮಾಡ್ದೆ." ಕೈಯನ್ನು ಸೊಂಟಕ್ಕೆ ಸುತ್ತಿದ ಸುಲು ಬಟ್ಟೆಗೆ ಒರೆಸಿಕೊಂಡು ನನ್ನ ಪಕ್ಕಕ್ಕೆ ಸರಿದಳು. "ಈಗ ಹೇಳು. ಆ ಮನೇಲಿ ನಿಂಗೆ ಏನೇನು ಮಾಡಿದ್ರು? ನಾನು ಕೇಳ್ಲೇ ಇಲ್ಲ."

ಗಿರಾಕಿಗಳು ಬರುತ್ತಿದ್ದರು. ಫೂಲ್ಮತಿ ಎದ್ದು ನನ್ನ ಅಂಗಡಿಗೂ ತಾನೇ ನಿಂತಳು. ನಾನು ವಿಮಾನ ಇಳಿದ ದಿನದಿಂದ ಶುರುಮಾಡಿದೆ.